ಖಾಲಿ ಬಿಟ್ಟ ಕಿಂಡಿ

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳ ಮಗಳು 2025ರ ಡಿಸೆಂಬರಿನ ಒಂದು ಭಾನುವಾರ ಧಾರವಾಡದ ನಮ್ಮ ಮನೆಗೆ ಬಂದವಳೇ ಒಂದು ಹಾಳೆಯನ್ನು ನನ್ನ ಮುಂದೆ ಹಿಡಿದಳು. ಅದು ಗಣಕಯಂತ್ರವೊಂದರ ಬಿಡಿಭಾಗಗಳ ಪಟ್ಟಿ. ಐವತ್ತು ಸಾವಿರದೊಳಗೆ ಎಲ್ಲವೂ ಮುಗಿಯಬೇಕು. ಲ್ಯಾಪ್‌ಟಾಪ್ ಏಕೆ ಬೇಡವೆಂದು ಕೇಳಿದೆ. “ಅದನ್ನು ಬಿಚ್ಚಿ ಸುಧಾರಿಸೋಕೆ ಬರೋದಿಲ್ಲ ಅಜ್ಜಾ. ಇದು ಪ್ರೋಗ್ರಾಮಿಂಗಿಗೂ ಆಗ್ತದೆ, ಗೇಮಿಗೂ ಆಗ್ತದೆ” ಎಂದಳು. ಎರಡನ್ನೂ ಒಂದೇ ಉಸಿರಿನಲ್ಲಿ, ಯಾವ ಅಳುಕೂ ಇಲ್ಲದೆ ಹೇಳಿದ್ದು ನನಗೆ ತಟ್ಟಿತು. ಏಕೆಂದರೆ ಇಪ್ಪತ್ತೈದು ವರ್ಷಗಳ ಹಿಂದೆ ಇದೇ ಮನೆಯಲ್ಲಿ ಅವೆರಡನ್ನೂ ಬೇರ್ಪಡಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಆ ಕಥೆಯನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಓದುಗ ಮಿತ್ರರು ಸಹಿಸಿಕೊಳ್ಳಬೇಕು.

ಗಣಕವನ್ನು ಬಿಡಿಭಾಗಗಳಿಂದ ಜೋಡಿಸಿಕೊಳ್ಳುವುದು ಇಂದು ಸಹಜವೆನಿಸುತ್ತದೆ. ಆದರೆ ರೇಡಿಯೋ ಕೊಂಡವರಾಗಲಿ ಟಿ.ವಿ. ಕೊಂಡವರಾಗಲಿ ಹಾಗೆ ಜೋಡಿಸಿಕೊಳ್ಳುವುದಿಲ್ಲವಲ್ಲ! ಇದು ಸಾಧ್ಯವಾದದ್ದು ಒಂದು ಅವಸರದ ನಿರ್ಧಾರದಿಂದ. 1981ರ ಆಗಸ್ಟಿನಲ್ಲಿ ಐ.ಬಿ.ಎಂ. ಕಂಪನಿ ತನ್ನ ‘ಪರ್ಸನಲ್ ಕಂಪ್ಯೂಟರ್’ ಅನ್ನು ಹೊರತಂದಿತು. ಬೇಗ ಮಾರುಕಟ್ಟೆಗೆ ಬರಬೇಕೆಂಬ ಆತುರದಲ್ಲಿ ಎಲ್ಲವನ್ನೂ ತಾನೇ ತಯಾರಿಸುವ ಹಳೆಯ ಪದ್ಧತಿಯನ್ನು ಬಿಟ್ಟು, ಇಂಟೆಲ್ ಕಂಪನಿಯ 8088 ಎಂಬ ಪ್ರೊಸೆಸರನ್ನೂ ಮೈಕ್ರೋಸಾಫ್ಟಿನ ಡಾಸ್ ತಂತ್ರಾಂಶವನ್ನೂ ಹೊರಗಿನಿಂದ ಪಡೆಯಿತು. ಅಷ್ಟೇ ಅಲ್ಲ, ಯಂತ್ರದ ವಿದ್ಯುನ್ಮಂಡಲದ ನಕ್ಷೆಗಳನ್ನು ಕೈಪಿಡಿಯಲ್ಲಿ ಅಚ್ಚು ಹಾಕಿಸಿ ಮಾರಿತು. ಕಂಪನಿಯ ಸ್ವಂತದ್ದೆಂದು ಗಟ್ಟಿಯಾಗಿ ಉಳಿದದ್ದು ‘ಬಯೋಸ್’ ಎಂಬ ಚಿಕ್ಕ ಕ್ರಮವಿಧಿ ಮಾತ್ರ. ಅದನ್ನು ನಕಲು ಮಾಡುವುದು ಕಾನೂನಿಗೆ ವಿರುದ್ಧ. ಕಾಂಪ್ಯಾಕ್ ಕಂಪನಿಯವರು ಉಪಾಯ ಹುಡುಕಿದರು. ಒಂದು ತಂಡ ಆ ವಿಧಿ ಏನು ಮಾಡುತ್ತದೆಂದು ಬರೆದುಕೊಟ್ಟಿತು. ಮೂಲವನ್ನು ಕಣ್ಣಿನಿಂದಲೂ ನೋಡದ ಇನ್ನೊಂದು ತಂಡ ಅದೇ ಕೆಲಸ ಮಾಡುವ ಹೊಸ ವಿಧಿಯನ್ನು ರಚಿಸಿತು. 1984ರಲ್ಲಿ ಫೀನಿಕ್ಸ್ ಎಂಬ ಸಂಸ್ಥೆ ಇಂಥದೇ ಬಯೋಸನ್ನು ಕೇಳಿದವರಿಗೆಲ್ಲ ಮಾರತೊಡಗಿದಾಗ ಬಾಗಿಲು ಪೂರ್ತಿ ತೆರೆಯಿತು. ತೈವಾನಿನ ಕಾರ್ಖಾನೆಗಳು ಮದರ್‌ಬೋರ್ಡುಗಳನ್ನು ಹಪ್ಪಳದಂತೆ ಒತ್ತಿ ಹರಡಿದವು. 1995ರಲ್ಲಿ ಇಂಟೆಲ್ ಗೊತ್ತುಪಡಿಸಿದ ‘ಎ.ಟಿ.ಎಕ್ಸ್.’ ಅಳತೆಯ ಸ್ಕ್ರೂ ರಂಧ್ರಗಳು ಇಂದಿಗೂ ಅವೇ ಸ್ಥಾನದಲ್ಲಿವೆ. ಮೂವತ್ತು ವರ್ಷ ಬದಲಾಗದ ವಸ್ತು ಗಣಕಲೋಕದಲ್ಲಿ ಇನ್ನೇನಿದೆಯೋ ಕಾಣೆ.

ನಮ್ಮ ಕಡೆಗೆ ಗಣಕ ಬಂದದ್ದು ಬೇರೆ ದಾರಿಯಿಂದ. ಕೇಂದ್ರ ಸರ್ಕಾರ 1984ರಲ್ಲಿ ಶಾಲೆಗಳಿಗಾಗಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತು. ಇಂಗ್ಲೆಂಡಿನ ಏಕಾರ್ನ್ ಕಂಪನಿ ರೂಪಿಸಿದ ಬಿ.ಬಿ.ಸಿ. ಮೈಕ್ರೋ ಎಂಬ ಗಣಕಗಳನ್ನು ಆಯ್ದ ಶಾಲೆಗಳಿಗೆ ಕೊಟ್ಟರು. ಅದರ ನೆನಪಿನ ಶಕ್ತಿ ಕೇವಲ 32 ಕೆ.ಬಿ. ನಾನು ಗಣಿತ ಕಲಿಸುತ್ತಿದ್ದ ಶಾಲೆಗೂ ಅವು ಬಂದವು. ನಾವು ಅವುಗಳಿಗೆ ಮಾಡಿದ ಸತ್ಕಾರ ಹೇಗಿತ್ತೆಂದರೆ, ಮೊದಲು ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದೆವು. ಬಳಿಕ ಬಟ್ಟೆಯ ಹೊದಿಕೆ ಹೊಲಿಸಿ ಕೋಣೆಗೆ ಬೀಗ ಹಾಕಿದೆವು. ಆ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಹುಡುಗರು ವಾರಕ್ಕೊಮ್ಮೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಕಟ್ಟಿ ನಿಂತು, ನಾನು ಕೀಲಿ ಒತ್ತುವುದನ್ನು ನೋಡಿ ಹೋಗುತ್ತಿದ್ದರು. ಅದೇ ಯಂತ್ರದ ಮೇಲೆ ಕೇಂಬ್ರಿಜ್ಜಿನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬೆನ್ ಮತ್ತು ಇಯನ್ ಬೆಲ್, ‘ಎಲೀಟ್’ ಎಂಬ ಆಟವನ್ನು ರಚಿಸಿ 1984ರಲ್ಲಿ ಜಗತ್ತಿನ ಕಣ್ಣರಳಿಸಿದ್ದರೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

1989ರಲ್ಲಿ ಒಂದು ಘಟನೆ ನಡೆಯಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ನಾನು ಬೀಗ ಹಾಕಲು ಮರೆತ ದಿನ ಒಳಗೆ ನುಸುಳಿ, ಎಲ್ಲಿಂದಲೋ ತಂದ ಸ್ಕ್ರೂಡ್ರೈವರಿನಿಂದ ಗಣಕದ ಮುಚ್ಚಳ ತೆಗೆಯಲು ಹೊರಟಿದ್ದ. ನಾನು ಅವನಿಗೆ ಹೊಡೆದೆ. ವರ್ಷವಿಡೀ ಆ ಕೋಣೆಗೆ ಕಾಲಿಡಬಾರದೆಂದು ಆಜ್ಞೆ ಮಾಡಿದೆ. ಮರುವರ್ಷ ಆತ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ನಪಾಸಾದ, ಶಾಲೆಯಿಂದ ಕಣ್ಮರೆಯಾದ. ನಾನೂ ಮರೆತೆ.

ಮುಂದೆ ಹತ್ತು ವರ್ಷಗಳಲ್ಲಿ ಕಾಲ ಬದಲಾಯಿತು. 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸೇರಿದ ಮೇಲೆ ಬಿಡಿಭಾಗಗಳ ಸುಂಕ ಹಂತಹಂತವಾಗಿ ಇಳಿಯತೊಡಗಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯುತ್ತಿದ್ದುದು ರಾತ್ರಿ ಬಸ್ಸಿನಲ್ಲಿ ಬೆಳಗಾಗುವುದರೊಳಗೆ ಹುಬ್ಬಳ್ಳಿಗೆ ಬಂದಿಳಿಯುತ್ತಿತ್ತು. ಕೊಪ್ಪೀಕರ ರಸ್ತೆಯ ಆಸುಪಾಸಿನ ಮಹಡಿಗಳಲ್ಲಿ ‘ಅಸೆಂಬಲ್ಡ್’ ಗಣಕ ಮಾರುವ ಪುಟ್ಟ ಅಂಗಡಿಗಳು ಹುಟ್ಟಿಕೊಂಡವು. ಕಂಪನಿಯ ಹೆಸರಿರುವ ಗಣಕಕ್ಕೂ ಇವಕ್ಕೂ ಬೆಲೆಯಲ್ಲಿ ಬಹಳ ಅಂತರ. ನಮ್ಮಂಥ ಮಾಸ್ತರರ ಮನೆಗೆ ಗಣಕ ಬಂದದ್ದು ಈ ಅಂಗಡಿಗಳ ಕೃಪೆಯಿಂದ.

ಆಗ ನನ್ನ ಮಗ ಪಿ.ಯು.ಸಿ.ಯಲ್ಲಿದ್ದ. ‘ಸಿ’ ಭಾಷೆ ಕಲಿಯಲು ಗಣಕ ಬೇಕೆಂದು ಹಟ ಹಿಡಿದಿದ್ದ. 1999ರ ದೀಪಾವಳಿಗೆ ಕೊಡಿಸುವೆನೆಂದು ಭವಿಷ್ಯನಿಧಿಯಿಂದ ಸಾಲಕ್ಕೆ ಅರ್ಜಿ ಹಾಕಿದೆ. ಅಷ್ಟರಲ್ಲಿ ಸೆಪ್ಟೆಂಬರ್ 21ರಂದು ತೈವಾನಿನಲ್ಲಿ ಭೀಕರ ಭೂಕಂಪವಾಯಿತು. ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಶಿಂಚು ಎಂಬಲ್ಲಿಯ ಚಿಪ್ ಕಾರ್ಖಾನೆಗಳು ವಿದ್ಯುತ್ತಿಲ್ಲದೆ ನಿಂತವು. ಜಗತ್ತಿನಾದ್ಯಂತ ರ್ಯಾಮ್ ಬೆಲೆ ಗಗನಕ್ಕೇರಿತು. ಹುಬ್ಬಳ್ಳಿಯ ಅಂಗಡಿಯವ ಕೊಟ್ಟ ದರಪಟ್ಟಿ ಹದಿನೈದು ದಿನಗಳಲ್ಲಿ ಕೆಲಸಕ್ಕೆ ಬಾರದ ಕಾಗದವಾಯಿತು. ಅಲ್ಲಿ ಮನೆಮಠ ಕಳೆದುಕೊಂಡವರ ನೆನಪೂ ಇಲ್ಲದೆ ನಾವು ಇಲ್ಲಿ ಬೆಲೆಯ ಬಗ್ಗೆ ಗೊಣಗಿದೆವು. ಖರೀದಿ ಒಂದು ವರ್ಷ ಮುಂದೆ ಹೋಯಿತು.

2000ದ ದೀಪಾವಳಿಯ ಮುಂಚೆ ತಂದೆಮಗ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಮೆಟ್ಟಿಲು ಹತ್ತಿ ಅಂಗಡಿಯೊಳಗೆ ಕಾಲಿಟ್ಟರೆ, ನೆಲದ ಮೇಲೆ ಕುಳಿತು ಗಣಕ ಜೋಡಿಸುತ್ತಿದ್ದವನು ತಟ್ಟನೆ ಎದ್ದು ನಿಂತು “ಸರ್ರ, ನಮಸ್ಕಾರ್ರಿ” ಎಂದ. ಅದೇ ಹುಡುಗ! ಈಗ ಇಪ್ಪತ್ತೈದು ದಾಟಿದ ಗಂಡಸು. ಹಳೆಯದೇನನ್ನೂ ಎತ್ತದೆ ನನಗೆ ಕುರ್ಚಿ ಹಾಕಿ ಚಹಾ ತರಿಸಿದ.

ಮಗನಿಗೆ ಗೊತ್ತಿದ್ದ ಶಬ್ದಗಳಿಗೆಲ್ಲ ಆತ ಅರ್ಥ ಹೇಳಿದ. ಕ್ರಮವಿಧಿ ಬರೆಯಲು ಬೇಕಾದದ್ದು ರ್ಯಾಮ್, ಒಳ್ಳೆಯ ಕೀಲಿಮಣೆ, ಕಣ್ಣು ನೋಯಿಸದ ಪರದೆ. ಆಟಕ್ಕೆ ಬೇಕಾದದ್ದು ದಶಾಂಶದ ಲೆಕ್ಕವನ್ನು ವೇಗವಾಗಿ ಮಾಡುವ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್. 1996ರಲ್ಲಿ ಬಂದ ‘ಕ್ವೇಕ್’ ಎಂಬ ಆಟ ಅಗ್ಗದ ಕೆಲವು ಪ್ರೊಸೆಸರುಗಳ ಮೇಲೆ ಕುಂಟುತ್ತಿದ್ದುದು ಈ ದಶಾಂಶದ ಲೆಕ್ಕದಲ್ಲೇ ಎಂದು ವಿವರಿಸಿದ. ಪರದೆಯ ಮೇಲಿನ ಪ್ರತಿಯೊಂದು ಗೋಡೆಯೂ ತ್ರಿಕೋನಗಳ ರಾಶಿ. ನೋಡುವವನು ಕತ್ತು ತಿರುಗಿಸಿದರೆ ಪ್ರತಿ ತ್ರಿಕೋನದ ಮೂಲೆಗಳ ನಿರ್ದೇಶಾಂಕಗಳನ್ನೂ ಮತ್ತೆ ಗುಣಿಸಿ ತೆಗೆಯಬೇಕು, ಅದೂ ಸೆಕೆಂಡಿಗೆ ಮೂವತ್ತು ಸಲ. ನಾನು ಗಣಿತದಲ್ಲಿ ನಪಾಸು ಮಾಡಿಸಿದ ಹುಡುಗ ನನಗೆ ಮ್ಯಾಟ್ರಿಕ್ಸ್ ಗುಣಾಕಾರದ ಉಪಯೋಗವನ್ನು ತಿಳಿಸುತ್ತಿದ್ದ.

ಕೊನೆಗೆ ಎರಡು ಮದರ್‌ಬೋರ್ಡುಗಳು ಉಳಿದವು. ಒಂದು, ಇಂಟೆಲ್ 810 ಚಿಪ್‌ಸೆಟ್ಟಿನದು. ಅದರಲ್ಲಿ ಚಿತ್ರ ಮೂಡಿಸುವ ಭಾಗ ಒಳಗೇ ಇತ್ತು. ಆದರೆ ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಲು ಬೇಕಾದ ‘ಎ.ಜಿ.ಪಿ.’ ಎಂಬ ಕಿಂಡಿಯೇ ಇರಲಿಲ್ಲ. ಇನ್ನೊಂದು, ಅದೇ ವರ್ಷ ಬಂದ 815. ಅದರಲ್ಲಿ ಒಳಗಿನ ಚಿತ್ರಭಾಗವೂ ಇತ್ತು, ಕಿಂಡಿಯೂ ಇತ್ತು. ಬೆಲೆ ತುಸು ಹೆಚ್ಚು. ಆತ ಮೆಲ್ಲನೆ, “ಇದನ್ನ ತಗೋರಿ ಸರ್ರ. ಈಗ ಕಿಂಡಿ ಖಾಲಿ ಇರ್ಲಿ, ರೊಕ್ಕ ಬಂದಾಗ ಕಾರ್ಡ್ ಹಾಕ್ಸೀರಂತ. ಯಂತ್ರ ಇನ್ನೂ ಮೂರ್ನಾಕ ವರ್ಷ ಬಾಳ್ತದ” ಎಂದ.

ನಾನು 810ನ್ನೇ ಆರಿಸಿದೆ. ಹಣದ ಅಡಚಣೆ ಎಂದು ಮಗನಿಗೆ ಹೇಳಿದೆ. ನಿಜವಾದ ಕಾರಣ ಅದಲ್ಲ. ಕಿಂಡಿಯೇ ಇಲ್ಲದಿದ್ದರೆ ಆಟದ ಹುಚ್ಚಿಗೆ ಜಾಗವೇ ಇರುವುದಿಲ್ಲವೆಂದು ನನ್ನ ಲೆಕ್ಕಾಚಾರ. ಸೆಲೆರಾನ್ 533, 64 ಎಂ.ಬಿ. ರ್ಯಾಮ್, 10 ಜಿ.ಬಿ. ಹಾರ್ಡ್ ಡಿಸ್ಕ್, ಹದಿನೈದು ಅಂಗುಲದ ಪರದೆ. ಟ್ಯಾಕ್ಸಿಯಲ್ಲಿ ಮಗ ಆ ಪರದೆಯನ್ನು ತೊಡೆಯ ಮೇಲಿಟ್ಟುಕೊಂಡು ಧಾರವಾಡ ಬರುವವರೆಗೆ ಒಂದೂ ಮಾತಾಡಲಿಲ್ಲ.

ಲೆಕ್ಕ ತಪ್ಪಿತು. ಒಳಗಿನ ಚಿತ್ರಭಾಗಕ್ಕೆ ಸ್ವಂತ ನೆನಪಿಲ್ಲ. ಅದು ಮುಖ್ಯ ರ್ಯಾಮಿನಿಂದಲೇ ಎರವಲು ಪಡೆಯುತ್ತದೆ. ಹೀಗಾಗಿ ನಾನು ಪ್ರೋಗ್ರಾಮಿಂಗಿಗೆಂದು ಕೊಡಿಸಿದ 64 ಎಂ.ಬಿ. ಅಷ್ಟರಮಟ್ಟಿಗೆ ಕುಗ್ಗಿತು. ಆಟವೇನೂ ನಿಲ್ಲಲಿಲ್ಲ, ಜಾಗ ಬದಲಾಯಿತು. ಟ್ಯೂಷನ್ನಿಗೆಂದು ಹೇಳಿ ಮಗ ಸೈಬರ್ ಕೆಫೆಗಳಲ್ಲಿ ತಾಸಿಗಿಷ್ಟೆಂದು ಕೊಟ್ಟು ಆಡುತ್ತಿದ್ದುದು ಆರು ತಿಂಗಳ ನಂತರ ಬಯಲಾಯಿತು. ನನ್ನೆದುರು ನಿಂತು, “ನೀವು ಕಿಂಡಿ ಇಲ್ಲದ ಬೋರ್ಡ್ ಯಾಕೆ ತಗೊಂಡ್ರಿ ಅಂತ ನನಗೆ ಅವತ್ತೇ ಗೊತ್ತಾಗಿತ್ತು” ಎಂದ. ಅವನು ಸುಳ್ಳು ಹೇಳಿದ್ದ, ನಾನೂ ಹೇಳಿದ್ದೆ. ಆ ಮುನಿಸು ತಿಳಿಯಾಗಲು ಬಹಳ ಕಾಲ ಹಿಡಿಯಿತು.

ಲಿನಕ್ಸನ್ನು ರಚಿಸಿದ ಲೀನಸ್ ಟೋರ್ವಾಲ್ಡ್ಸ್ ಬಗ್ಗೆ ಮಗನೇ ಒಮ್ಮೆ ಹೇಳಿದ ಸಂಗತಿಯಿದು. 1991ರ ಜನವರಿಯಲ್ಲಿ ಆ ಫಿನ್‌ಲೆಂಡಿನ ವಿದ್ಯಾರ್ಥಿ ಹೆಸರಿಲ್ಲದ 386 ಗಣಕವೊಂದನ್ನು ಕಂತಿನ ಮೇಲೆ ಕೊಂಡನಂತೆ. ತರಿಸಿದ್ದ ಮಿನಿಕ್ಸ್ ತಂತ್ರಾಂಶದ ಫ್ಲಾಪಿಗಳು ಕೈಸೇರುವವರೆಗೆ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟ ಆಡುತ್ತ ಕಾಲ ಕಳೆದನಂತೆ. ಅದೇ ವರ್ಷ, ಅದೇ ಯಂತ್ರದ ಮೇಲೆ ಲಿನಕ್ಸ್ ಹುಟ್ಟಿತು. ಅವನ ಮನೆಯಲ್ಲಿ ನನ್ನಂಥ ಗಣಿತ ಮಾಸ್ತರನಿದ್ದಿದ್ದರೆ ಏನಾಗುತ್ತಿತ್ತೋ!

ಈಗ ಮೊಮ್ಮಗಳ ಪಟ್ಟಿಗೆ ಬರೋಣ. ಅವಳು ಆರಿಸಿದ್ದು ಎ.ಎಂ.ಡಿ. ಕಂಪನಿಯ ರೈಜನ್ 5 5600ಜಿ. ಚಿತ್ರಭಾಗ ಪ್ರೊಸೆಸರಿನೊಳಗೇ ಇದೆ. ಅದೂ ರ್ಯಾಮನ್ನೇ ಎರವಲು ಪಡೆಯುತ್ತದೆ. ಆದ್ದರಿಂದ 16 ಜಿ.ಬಿ.ಯ ಒಂದೇ ಪಟ್ಟಿಯ ಬದಲು 8 ಜಿ.ಬಿ.ಯ ಎರಡನ್ನು ಹಾಕಿದರೆ ಎರಡು ದಾರಿಯಲ್ಲಿ ಮಾಹಿತಿ ಹರಿದು ಆಟ ಸರಾಗವಾಗುತ್ತದೆ ಎಂದಳು. ಆದರೆ ರ್ಯಾಮಿನ ಸಾಲಿನಲ್ಲಿ ಬೆಲೆಯನ್ನು ಮೂರು ಸಲ ಹೊಡೆದು ತಿದ್ದಿದ್ದಳು. ಕೃತಕ ಬುದ್ಧಿಮತ್ತೆಯ ದೈತ್ಯ ಸರ್ವರುಗಳಿಗೆ ಚಿಪ್ ಒದಗಿಸುವುದರಲ್ಲಿ ಕಂಪನಿಗಳು ಮಗ್ನವಾಗಿ, 2025ರ ಕೊನೆಯಲ್ಲಿ ಸಾಮಾನ್ಯರ ರ್ಯಾಮ್ ದುಬಾರಿಯಾಗಿತ್ತು. 1999ರಲ್ಲಿ ತೈವಾನಿನ ಭೂಕಂಪ, 2011ರಲ್ಲಿ ಹಾರ್ಡ್ ಡಿಸ್ಕ್ ಕಾರ್ಖಾನೆಗಳನ್ನು ಮುಳುಗಿಸಿದ ಥಾಯ್ಲೆಂಡಿನ ನೆರೆ, ಈಗ ಇದು. ಹುಬ್ಬಳ್ಳಿಯ ಅಂಗಡಿಯ ದರಪಟ್ಟಿಯನ್ನು ಬರೆಯುವವರು ಎಲ್ಲೆಲ್ಲಿದ್ದಾರೋ! ಮುಂದಿನ ವರ್ಷಕ್ಕೆ ಕಾಯೋಣವೇ ಎಂದು ಅವಳು ಕೇಳಿದಳು. ಬೇಡವೆಂದೆ. ಹೆಚ್ಚಿಗೆ ಬಿದ್ದ ಹಣ ನನ್ನ ಪಿಂಚಣಿಯಿಂದ ಹೋಯಿತು.

ಅಂಗಡಿ ಈಗ ಆ ನನ್ನ ಶಿಷ್ಯನದೇ. ತಲೆ ನರೆತಿದೆ. ಬಿಡಿಭಾಗಗಳನ್ನು ಮೇಜಿನ ಮೇಲಿಟ್ಟು, ಸ್ಕ್ರೂಡ್ರೈವರನ್ನು ಮೊಮ್ಮಗಳ ಕೈಗೆ ಕೊಟ್ಟು, “ನೀನ ಜೋಡಿಸವ್ವ” ಎಂದ. ಅವಳು ಬೋರ್ಡನ್ನು ಪೆಟ್ಟಿಗೆಯಲ್ಲಿ ಕೂಡಿಸಿದಳು. ಗ್ರಾಫಿಕ್ಸ್ ಕಾರ್ಡಿನ ಉದ್ದನೆಯ ಕಿಂಡಿ ಖಾಲಿಯಿತ್ತು. ಇಂಟರ್ನ್‌ಷಿಪ್ಪಿನ ಹಣ ಬಂದಾಗ ತುಂಬುವಳಂತೆ.

ಅವಳು ಕೆಲಸದಲ್ಲಿ ಮುಳುಗಿದ್ದಾಗ ನಾನು, ಮೂವತ್ತಾರು ವರ್ಷ ತಡವಾಗಿ, ಆ ದಿನ ನಾನು ಹೊಡೆದದ್ದು ತಪ್ಪಾಯಿತು ಎಂದೆ. ಅವನು ನಕ್ಕ.

“ನಾಕ ಸ್ಕ್ರೂ ಇದ್ವು ಸರ್ರ. ಮೂರ ಬಿಚ್ಚಿದ್ದೆ, ಅಷ್ಟರಾಗ ನೀವು ಬಂದ್ರಿ.”