ನಂದಾದೀಪದ ಬತ್ತಿಯೂ ಆದವಾನಿ ಸೀಮೆಯ ಹತ್ತಿಯೂ

ದೇವರ ಮುಂದೆ ಉರಿಯುವ ನಂದಾದೀಪಕ್ಕೆ ಎಣ್ಣೆ ಎಷ್ಟು ಮುಖ್ಯವೋ ಬತ್ತಿಯೂ ಅಷ್ಟೇ ಮುಖ್ಯ. ಪೂಜೆಯಲ್ಲಿ ಏರಿಸುವ ಗೆಜ್ಜೆವಸ್ತ್ರವೂ ಅರಳೆಯದೇ. ದೇವಿಗೆ ಪ್ರಿಯವಾದ ಕೆಂಪು ದಾಸವಾಳಕ್ಕೂ ಈ ಹತ್ತಿಗೂ ಬಂಧುತ್ವವಿದೆಯೆಂದರೆ ಅನೇಕ ಭಕ್ತಾದಿಗಳಿಗೆ ಆಶ್ಚರ್ಯವಾದೀತು. ಹತ್ತಿ, ದಾಸವಾಳ, ಬೆಂಡೆ, ಈ ಸೀಮೆಯ ಮನೆಮನೆಯ ಪುಂಡಿಪಲ್ಯ, ಇವೆಲ್ಲವೂ ಸಸ್ಯಶಾಸ್ತ್ರದಲ್ಲಿ ದಾಸವಾಳದ ಕುಟುಂಬಕ್ಕೇ ಸೇರಿದವು. ಐದು ದಳಗಳ ಹೂವು, ಅದರ ನಡುವೆ ಕೇಸರಗಳೆಲ್ಲ ಕೂಡಿ ಕೊಳವೆಯಂತೆ ನಿಂತಿರುವುದು ಈ ಮನೆತನದ ಗುರುತು. ಹತ್ತಿಹೂವನ್ನೂ ದಾಸವಾಳವನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಬೇರೆ ಸಾಕ್ಷಿ ಬೇಡ.

ಆದವಾನಿ, ಆಲೂರು ಕಡೆಯ ಎರೆಭೂಮಿಗೆ ಹತ್ತಿ ಹೊಸದಲ್ಲ. ಹಿರಿಯರು ಬೆಳೆಯುತ್ತಿದ್ದುದು ಜವಾರಿ ಹತ್ತಿ. ಎಳೆ ಗಿಡ್ಡ, ಕಾಯಿ ಸಣ್ಣದು. ಆದರೆ ಬೇರು ಆಳಕ್ಕಿಳಿದು, ಮಳೆ ಕೈಕೊಟ್ಟರೂ ತಡೆದು ನಿಲ್ಲುವ ಗಿಡ. ಅರಳೆ ಬಿಡಿಸಿದ ಮೇಲೆ ಉಳಿದ ಹತ್ತಿಕಾಳಿಗೆ ಸೆಗಣಿ ಸವರಿ ಒಣಗಿಸಿ ಬಿತ್ತಿದರೆ ಆಯಿತು. ಬೀಜಕ್ಕಾಗಿ ಅಂಗಡಿಗೆ ಹೋಗುವ ಮಾತೇ ಇರಲಿಲ್ಲ. ಬಳ್ಳಾರಿ ಜಿಲ್ಲೆಯ ಈ ಅರಳೆಗೆ ಮದ್ರಾಸಿನ ವರ್ತಕರು ‘ವೆಸ್ಟರ್ನ್ಸ್’ ಎಂಬ ಹೆಸರಿಟ್ಟಿದ್ದರು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಾಷೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರದಾಯಿತು. ಭಾರತದ ಹತ್ತಿಯ ಬೆಲೆ ಗಗನಕ್ಕೇರಿತು. ಯುದ್ಧ ಮುಗಿದೊಡನೆ ಕುಸಿಯಿತು. ಮುಂದೆ 1876–78ರ ಭೀಕರ ಕ್ಷಾಮದಲ್ಲಿ ಆದವಾನಿಯೂ ಸೇರಿದ್ದ ಬಳ್ಳಾರಿ ಜಿಲ್ಲೆ ತತ್ತರಿಸಿಹೋಯಿತು. ರೈಲು ಬಂದಿತ್ತಾದರೂ ಬಡವನ ಕೈಗೆ ಜೋಳ ಸಿಗಲಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಮೈಸೂರಿಗೆ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಒಂದೇ ಜಿಲ್ಲೆಯ ಕನ್ನಡಿಗರು ಎರಡು ರಾಜ್ಯದವರಾದರು. ಆದವಾನಿ ಪೇಟೆಯ ಹತ್ತಿ ವ್ಯಾಪಾರ ಮಾತ್ರ ನಿಲ್ಲಲಿಲ್ಲ.

ಹೊಲದ ರೂಪವನ್ನು ನಿಜವಾಗಿ ಬದಲಿಸಿದ್ದು ಗಡಿಯಲ್ಲ, ಬೀಜ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ರೂಪಿಸಿದ ಸಂಕರ ಹತ್ತಿಗೆ ‘ವರಲಕ್ಷ್ಮಿ’ ಎಂದೇ ಹೆಸರು. ಎಳೆ ಉದ್ದ, ನಯ; ಗಿರಣಿಗಳಿಗೆ ಬಹು ಮೆಚ್ಚು. ಅನೇಕ ರೈತರ ಮನೆಗೆ ಆಕೆ ಲಕ್ಷ್ಮಿಯನ್ನೂ ತಂದಳೆನ್ನಬೇಕು. ಆದರೆ ಸಂಕರ ಗಿಡದ ಬೀಜವನ್ನು ಮತ್ತೆ ಬಿತ್ತಿದರೆ ತಾಯಿಯ ಗುಣ ಪೂರ್ತಿ ಬರುವುದಿಲ್ಲ. ವರ್ಷವರ್ಷವೂ ಕೊಳ್ಳಬೇಕು. ಗೊಬ್ಬರ, ಔಷಧಿಯ ಖರ್ಚು ಬೇರೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಜವಾರಿ ಹತ್ತಿ ಮೂಲೆ ಸೇರಿತು. ಮನೆಯ ಅಟ್ಟದ ಬೀಜದ ಗಡಿಗೆಯೂ ಬರಿದಾಯಿತು.

ಬತ್ತಿ ಹೊಸೆಯಲು ಉದ್ದ ಎಳೆಯೇನೂ ಬೇಕಿಲ್ಲ. ಗಿಡ್ಡ ಎಳೆಯ ಒರಟು ಅರಳೆಯೇ ತಲತಲಾಂತರದಿಂದ ದೀಪ ಬೆಳಗಿದೆ. ಅದೇ ಜವಾರಿ ಕುಲದ ‘ಜಯಧರ’ ತಳಿ ಧಾರವಾಡ ಸೀಮೆಯ ಕೆಲವು ಹೊಲಗಳಲ್ಲಿ ಉಳಿದುಬಂದಿದೆ. ಅದರ ಕಾಳನ್ನು ಎತ್ತಿಟ್ಟುಕೊಂಡು ಮರುವರ್ಷ ಬಿತ್ತಬಹುದು.