ತ್ರಸರೇಣು: ಬಿಸಿಲುಕೋಲಿನ ಧೂಳೂ ಕಲ್ಯಾಣದ ಕಾನೂನೂ

ಕಿಟಕಿಯ ಜಾಲರಿಯಿಂದ ಒಳಬರುವ ಬಿಸಿಲುಕೋಲಿನಲ್ಲಿ ತೇಲಾಡುವ ಧೂಳಿನ ಕಣಕ್ಕೆ ಶಾಸ್ತ್ರಗ್ರಂಥಗಳಲ್ಲಿರುವ ಹೆಸರು ತ್ರಸರೇಣು. ‘ತ್ರಸ’ ಎಂದರೆ ಚಲಿಸುವ, ‘ರೇಣು’ ಎಂದರೆ ಧೂಳು. ಇದನ್ನೇ ಪರಮಾಣುವೆಂದು ಭಾವಿಸುವುದುಂಟು. ಅದು ಸರಿಯಲ್ಲ. ಕಣ್ಣಿಗೆ ಕಾಣುವುದೇ ತ್ರಸರೇಣುವಿನ ಲಕ್ಷಣ, ಪರಮಾಣು ಕಾಣದು.

ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೂ ಈ ಪದಕ್ಕೂ ನಂಟಿದೆ. ಸಮೀಪದ ನಾರಾಯಣಪುರದಲ್ಲಿ ಇಂದಿಗೂ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವಿದೆ. ಅದೇ ಅರಸು ಮನೆತನದ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದನು. ಆಸ್ತಿ ಹಂಚಿಕೆಯ ವಿಚಾರದಲ್ಲಿ ಬ್ರಿಟಿಷರ ನ್ಯಾಯಾಲಯಗಳೂ ಒಪ್ಪಿದ ಗ್ರಂಥವಿದು. ದಂಡ ವಿಧಿಸಲು ತೂಕ ಬೇಕು. ಸ್ಮೃತಿಯಲ್ಲಿ ಆ ತೂಕದ ಲೆಕ್ಕ ಆರಂಭವಾಗುವುದೇ ತ್ರಸರೇಣುವಿನಿಂದ.

ಎಂಟು ತ್ರಸರೇಣು ಸೇರಿದರೆ ಒಂದು ಲಿಕ್ಷಾ, ಅಂದರೆ ಹೇನಿನ ಸೀರು. ಮೂರು ಲಿಕ್ಷಾ ಒಂದು ಕರಿ ಸಾಸಿವೆ, ಅಂತಹ ಮೂರು ಒಂದು ಬಿಳಿ ಸಾಸಿವೆ, ಆರು ಬಿಳಿ ಸಾಸಿವೆ ಒಂದು ಮಧ್ಯಮ ಜವೆ, ಮೂರು ಜವೆ ಒಂದು ಗುಲಗಂಜಿ. ಗುಣಿಸಿದರೆ ಗುಲಗಂಜಿಗೆ 1,296 ತ್ರಸರೇಣು. ಎಂಬತ್ತು ಗುಲಗಂಜಿಯ ‘ಸುವರ್ಣ’ಕ್ಕೆ 1,03,680.

ಗುಲಗಂಜಿ ಸುಮಾರು 120 ಮಿಲಿಗ್ರಾಂ ತೂಗುವುದರಿಂದ ಈ ಲೆಕ್ಕದ ತ್ರಸರೇಣು 0.09 ಮಿಲಿಗ್ರಾಂ ಆಗುತ್ತದೆ. 10 ಮೈಕ್ರೋಮೀಟರ್ ಅಗಲದ ನಿಜವಾದ ಧೂಳಿನ ಕಣ ಅದಕ್ಕಿಂತ ಹತ್ತಾರು ಸಾವಿರ ಪಟ್ಟು ಹಗುರ. ಧೂಳನ್ನು ಯಾರೂ ತಕ್ಕಡಿಗೆ ಹಾಕಿರಲಾರರು. ಅಕ್ಕಸಾಲಿಗನ ಕೈಗೆ ಸಿಗುತ್ತಿದ್ದುದು ಗುಲಗಂಜಿಯೇ. ಅದರ ಕೆಳಗಿನ ಕೊನೆಯ ಮೆಟ್ಟಿಲುಗಳು ಬಹುಮಟ್ಟಿಗೆ ಲೆಕ್ಕದ ಅನುಕೂಲಕ್ಕೆ.

ನ್ಯಾಯ-ವೈಶೇಷಿಕರು ಇದೇ ಪದವನ್ನು ಬೇರೆ ಉದ್ದೇಶಕ್ಕೆ ಬಳಸಿದರು. ಎರಡು ಪರಮಾಣು ಕೂಡಿ ದ್ವ್ಯಣುಕ, ಮೂರು ದ್ವ್ಯಣುಕ ಕೂಡಿ ತ್ರಸರೇಣು. ಅಂದರೆ ಆರು ಪರಮಾಣುಗಳು. ಇದು ತರ್ಕದಿಂದ ಬಂದ ಸಂಖ್ಯೆ, ಅಳತೆಯಿಂದ ಬಂದದ್ದಲ್ಲ. ಇಂದಿನ ವಿಜ್ಞಾನದಂತೆ 10 ಮೈಕ್ರೋಮೀಟರ್ ಕಣವೊಂದರಲ್ಲಿ ಹತ್ತಾರು ಲಕ್ಷ ಕೋಟಿ ಪರಮಾಣುಗಳಿರುತ್ತವೆ. ಆದ್ದರಿಂದ ವೈಶೇಷಿಕರ ಪರಮಾಣುವನ್ನು ಪಠ್ಯಪುಸ್ತಕದ ಪರಮಾಣುವಿನೊಂದಿಗೆ ಸಮೀಕರಿಸುವುದು ಉಚಿತವಲ್ಲ.

ವಾಯುಮಾಲಿನ್ಯದ ಪರಿಭಾಷೆಯಲ್ಲಿ 10 ಮೈಕ್ರೋಮೀಟರ್ ಹಾಗೂ ಅದಕ್ಕಿಂತ ಕಿರಿದಾದ ಕಣಗಳಿಗೆ ‘ಪಿಎಂ 10’ ಎನ್ನುತ್ತಾರೆ. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನದಂಡದ ಪ್ರಕಾರ ಇವುಗಳ 24 ಗಂಟೆಗಳ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ. ಸ್ಮೃತಿಯ ಒಂದು ತ್ರಸರೇಣುವಿನ ತೂಕವೂ ಹೆಚ್ಚುಕಡಿಮೆ ಅಷ್ಟೇ, ಆಕಸ್ಮಿಕವಾಗಿ.