ಕೊಸೊವೊ: ವಿಶ್ವಸಂಸ್ಥೆಯಲ್ಲಿಲ್ಲ, ಮೈದಾನದಲ್ಲಿದೆ

2008ರ ಫೆಬ್ರವರಿ 17ರಂದು ಸರ್ಬಿಯಾದಿಂದ ಸ್ವಾತಂತ್ರ್ಯ ಘೋಷಿಸಿಕೊಂಡ ಕೊಸೊವೊ ಇನ್ನೂ ವಿಶ್ವಸಂಸ್ಥೆಯ ಸದಸ್ಯ ಅಲ್ಲ. ಭಾರತವೂ ಅದಕ್ಕೆ ಮಾನ್ಯತೆ ಕೊಟ್ಟಿಲ್ಲ. ಹಾಗಾಗಿ ಅದರ ಫುಟ್‌ಬಾಲ್ ತಂಡದ ಚರಿತ್ರೆಯನ್ನು ನಾನು ರಾಜಕೀಯ ಚರಿತ್ರೆಯಾಗಿಯೇ ಓದುತ್ತೇನೆ.

ಫಿಫಾ ಒಪ್ಪಿಗೆಯ ಮೊದಲ ಪಂದ್ಯ ನಡೆದದ್ದು 2014ರ ಮಾರ್ಚ್ 5ರಂದು, ಮಿಟ್ರೊವಿಕಾದಲ್ಲಿ, ಹೈಟಿ ವಿರುದ್ಧ. ಷರತ್ತು ಏನು ಗೊತ್ತಾ? ರಾಷ್ಟ್ರಗೀತೆ ಇರಬಾರದು, ಬಾವುಟವೂ ಇರಬಾರದು. ಪಂದ್ಯ 0-0 ಡ್ರಾ ಆಯಿತು. 2016ರ ಮೇ ತಿಂಗಳಲ್ಲಿ ಯೂರೋಪಿನ ಫುಟ್‌ಬಾಲ್ ಒಕ್ಕೂಟ, ಫಿಫಾ ಎರಡೂ ಸದಸ್ಯತ್ವ ಕೊಟ್ಟವು.

ಆಮೇಲೆ ತಂಡ ಸುಮ್ಮನೆ ಕೂರಲಿಲ್ಲ. 2018ರ ನೇಷನ್ಸ್ ಲೀಗ್‌ನಲ್ಲಿ ಒಂದೂ ಪಂದ್ಯ ಸೋಲದೆ ಗುಂಪಿನ ಮೊದಲ ಸ್ಥಾನ ಪಡೆಯಿತು. 2019ರಲ್ಲಿ ಇಂಗ್ಲೆಂಡ್‌ಗೆ ಅದರ ನೆಲದಲ್ಲೇ ಮೊದಲ ನಿಮಿಷದಲ್ಲಿ ಗೋಲು ಹೊಡೆದು, ಕೊನೆಗೆ 5-3ರಿಂದ ಸೋತಿತು. 2025ರ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಸ್ವೀಡನ್ನನ್ನು ಎರಡು ಸಲ ಸೋಲಿಸಿತು.

ಫುಟ್‌ಬಾಲ್ ಗೆದ್ದರೆ ವಿಶ್ವಸಂಸ್ಥೆಯ ಬಾಗಿಲು ತೆರೆಯಲ್ಲ, ನಿಜ. ಆದರೆ ಕೊಸೊವೊವನ್ನು ದೇಶವೆಂದು ಒಪ್ಪದ ಸ್ಪೇನ್ ಕೂಡ 2021ರಲ್ಲಿ ತನ್ನದೇ ಸೆವಿಲ್ಲೆಯಲ್ಲಿ ಅದರ ಜೊತೆ ವಿಶ್ವಕಪ್ ಅರ್ಹತಾ ಪಂದ್ಯ ಆಡಲೇಬೇಕಾಯ್ತು. ಸರ್ಕಾರಗಳು ತಪ್ಪಿಸಿಕೊಳ್ಳುವ ಪ್ರಶ್ನೆಯನ್ನು ಈ ಹನ್ನೊಂದು ಜನ ಪ್ರತಿ ಪಂದ್ಯದಲ್ಲೂ ಎದುರಿಗೆ ತಂದು ನಿಲ್ಲಿಸುತ್ತಾರೆ.